ಬುಶ್ ಮೊದಲು ಕಂಬ, ಆಮೇಲೆ ಬೇರಿಂಗ್

ಮಡಚುವ ಚಾಕುವನ್ನು ಒಮ್ಮೆ ಬಿಡಿಸಿ ಒಮ್ಮೆ ಮಡಚಿದರೆ ಅಲಗು ತನ್ನ ಕೀಲಿನ ಮೇಲೆ ಅತ್ತ ಅರ್ಧ ಸುತ್ತು, ಇತ್ತ ಅರ್ಧ ಸುತ್ತು, ಒಟ್ಟು ಒಂದು ಸುತ್ತಿನಷ್ಟು ಉಜ್ಜುತ್ತದೆ. ಕೈ ಸುಮ್ಮನಿರದೆ ದಿನಕ್ಕೆ ಐವತ್ತು ಸಲ ಹೀಗೆ ಟಕ್ ಟಕ್ ಎನ್ನಿಸುವವರಿದ್ದಾರೆ, ನಾನೂ ಆ ಪೈಕಿ. ವರ್ಷಕ್ಕೆ 18,250 ಸುತ್ತಾಯಿತು. ಅಡುಗೆಮನೆಯ ಮಿಕ್ಸಿ ಖಾಲಿ ಓಡುವಾಗ ನಿಮಿಷಕ್ಕೆ ಹೆಚ್ಚುಕಡಿಮೆ 18,000 ಸುತ್ತು ತಿರುಗುತ್ತದೆ. ಚಟ ಹತ್ತಿದವನ ಚಾಕು ವರ್ಷವಿಡೀ ತಿರುಗುವಷ್ಟನ್ನು ಮಿಕ್ಸಿ ಜಾರಿನ ಬುಶ್, ಅಂದರೆ ತಿರುಗುವ ಕಡ್ಡಿ ಕೂರುವ ಪುಟ್ಟ ಬಳೆ, ಒಂದು ಚಟ್ನಿ ರುಬ್ಬುವುದರೊಳಗೆ ಮುಗಿಸಿಬಿಡುತ್ತದೆ.

ಈ ಲೆಕ್ಕ ಯಾಕೆ ಹಾಕಿದೆನೆಂದರೆ, ಕೈಯಿಂದ ಚಾಕು ಮಾಡುವ ಹುಚ್ಚಿನವರು ಕೀಲಿನ ಬುಶ್‌ಗೆ ಯಾವ ಲೋಹ ಎಂಬ ಮಾತು ಬಂದ ಕೂಡಲೇ ಸವೆತದಿಂದ ಶುರು ಮಾಡುತ್ತಾರೆ. ಯಾವುದು ಕಡಿಮೆ ಸವೆಯುತ್ತದೆ, ಯಾವುದಕ್ಕೆ ಎಣ್ಣೆ ಬೇಡ, ಯಾವುದರ ಘರ್ಷಣೆ ಕಡಿಮೆ ಎನ್ನುತ್ತಾ ಬೇರಿಂಗ್ ಕ್ಯಾಟಲಾಗ್ ತೆರೆಯುತ್ತಾರೆ. ಆ ಪಟ್ಟಿಗಳೆಲ್ಲ ಹಗಲಿರುಳು ತಿರುಗುವ ಮೋಟಾರು, ಪಂಪುಗಳಿಗಾಗಿ ಮಾಡಿದವು. ದಿನಕ್ಕೆ ಐವತ್ತು ಸುತ್ತಿನ ಕೀಲಿನಲ್ಲಿ ಹಿತ್ತಾಳೆ ಕೂಡ ಸುಲಭಕ್ಕೆ ಸವೆದುಹೋಗುವುದಿಲ್ಲ. ಶೆಫೀಲ್ಡಿನ ಹಳೆಯ ಪೆನ್‌ ನೈಫ್‌ಗಳಲ್ಲಿ ಉಕ್ಕಿನ ಅಲಗು ಬರೀ ಹಿತ್ತಾಳೆ ತಗಡಿಗೆ ಉಜ್ಜಿಕೊಂಡೇ ತಲೆಮಾರುಗಳನ್ನು ಕಳೆದಿದೆ.

ಚಾಕುವಿನ ಬುಶ್‌ಗೆ ಸವೆತಕ್ಕಿಂತ ದೊಡ್ಡ ಕೆಲಸ ಬೇರೆ ಇದೆ. ಅದನ್ನು ಹೇಳಬೇಕಾದರೆ ಕೀಲನ್ನು ಬಿಚ್ಚಿ ನೋಡಬೇಕು.

ಹಳೇ ಮಾದರಿಯ ಜೇಬುಚಾಕುವನ್ನು ತೆಗೆದುಕೊಳ್ಳಿ. ಲಾಕ್ ಇಲ್ಲ, ಬೆನ್ನಿನಲ್ಲಿ ಒಂದು ಪಟ್ಟಿ ಸ್ಪ್ರಿಂಗ್. ಅದು ಅಲಗಿನ ಬುಡವನ್ನು ಒತ್ತಿ ಹಿಡಿದಿರುತ್ತದೆ, ಅದರಿಂದಲೇ ತೆರೆದಾಗಲೂ ಮಡಚಿದಾಗಲೂ ಅಲಗು ಟಪ್ಪೆಂದು ಕೂರುತ್ತದೆ. ಅಲಗಿನ ಎರಡೂ ಬದಿಗೆ ಲೈನರ್ ಎನ್ನುವ ತೆಳು ತಗಡು, ಅದರ ಹೊರಗೆ ಮರವೋ ಕೊಂಬೋ. ಇಷ್ಟನ್ನೂ ತೂರಿಕೊಂಡು ಒಂದು ಪಿನ್. ಪಿನ್ನಿನ ಎರಡು ತುದಿಯನ್ನು ಸುತ್ತಿಗೆಯಿಂದ ಬಡಿದು ತಲೆ ಎಬ್ಬಿಸಿದರೆ ರಿವೆಟ್ ಆಯಿತು. ತೊಂದರೆ ಇಲ್ಲೇ ಶುರು. ಬಡಿದಷ್ಟೂ ಲೈನರ್‌ಗಳು ಹತ್ತಿರವಾಗುತ್ತವೆ, ನಡುವೆ ಸಿಕ್ಕಿದ ಅಲಗು ಬಿಗಿಯುತ್ತದೆ. ಕಡಿಮೆ ಬಡಿದರೆ ಅಲಗು ಅಲುಗಾಡುತ್ತದೆ. ನುರಿತ ಕಸುಬುದಾರರು ಒಂದೊಂದೇ ಪೆಟ್ಟು ಹಾಕಿ, ಅಲಗನ್ನು ಆಡಿಸಿ ನೋಡಿ, ಮತ್ತೊಂದು ಪೆಟ್ಟು ಹಾಕಿ ಸರಿಯಾದ ಬಿಗಿ ಹಿಡಿಯುತ್ತಾರೆ. ಅದು ಕೈಗೆ ಬರುವ ವಿದ್ಯೆ, ಬರೆದು ಕೊಡುವಂಥದ್ದಲ್ಲ.

ಬುಶ್ ಬಂದರೆ ಈ ತಲೆಬಿಸಿ ತಪ್ಪುತ್ತದೆ. ಅಲಗಿನ ಬುಡದಲ್ಲಿ 5 ಮಿ.ಮೀ. ತೂತು, ಅದರೊಳಗೆ ನಯವಾಗಿ ಕೂರುವ ಪುಟ್ಟ ಬಳೆ, ಆ ಬಳೆಯೊಳಗೆ 3 ಮಿ.ಮೀ. ಪಿನ್. ಅಲಗಿನ ಬುಡ 3 ಮಿ.ಮೀ. ದಪ್ಪವಿದ್ದರೆ ಬಳೆಯ ಉದ್ದ 3.025. ಈಗ ಪಿನ್ನನ್ನು ಬಡಿಯಿರಿ, ಇಲ್ಲವೇ ಸ್ಕ್ರೂ ಹಾಕಿ ಬಲವಾಗಿ ತಿರುಗಿಸಿ. ಲೈನರ್‌ಗಳು ಬುಶ್ಶಿನ ಎರಡು ಮುಖಕ್ಕೆ ಬಂದು ನಿಲ್ಲುತ್ತವೆ, ಮುಂದೆ ಹೋಗುವುದಿಲ್ಲ. ಅಲಗಿಗೆ ಉಳಿದ 25 ಮೈಕ್ರಾನಿನಲ್ಲಿ ಅದು ಆರಾಮವಾಗಿ ತಿರುಗುತ್ತದೆ. ಬುಶ್ ಮಾತ್ರ ತಿರುಗುವುದಿಲ್ಲ. ಎರಡು ಗೋಡೆಗಳ ನಡುವೆ ಕೊಟ್ಟ ಕಂಬದಂತೆ ಭಾರ ಹೊತ್ತು ನಿಂತಿರುತ್ತದೆ.

ಮಿ.ಮೀ.ನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್. 25 ಮೈಕ್ರಾನ್ ಎಂದರೆ ಜೆರಾಕ್ಸ್ ಹಾಳೆಯ ದಪ್ಪದಲ್ಲಿ ಕಾಲು ಭಾಗ. ಇಷ್ಟು ಸಣ್ಣದಕ್ಕೆ ಯಾಕೆ ಇಷ್ಟು ಗಲಾಟೆ ಎನ್ನಿಸಬಹುದು. ಅಲಗಿನ ಬುಡ ಲೈನರ್‌ಗೆ ತಾಗುವ ಅಗಲ 10 ಮಿ.ಮೀ., ಅಲಗಿನ ಉದ್ದ 75 ಮಿ.ಮೀ. ಎಂದುಕೊಳ್ಳಿ. ಬುಡದಲ್ಲಿ 25 ಮೈಕ್ರಾನ್ ಸಂದು ಬಿಟ್ಟರೆ ಮೊನೆಯಲ್ಲಿ ಅದು ಏಳೂವರೆ ಪಟ್ಟು, ಅಂದರೆ 0.19 ಮಿ.ಮೀ. ಅಲುಗಾಟ. ಬೆರಳಿಗೆ ಗೊತ್ತಾಗಿಯೇ ಆಗುತ್ತದೆ. ಒಳ್ಳೆಯ ಕೆಲಸಕ್ಕೆ ಸಂದು 10 ರಿಂದ 15 ಮೈಕ್ರಾನಿಗೆ ಇಳಿಯಬೇಕು. ಅಷ್ಟು ಕಡಿಮೆ ಸಂದು ಇಟ್ಟಾಗ ಬುಶ್ ಐದು ಮೈಕ್ರಾನ್ ಕುಗ್ಗಿದರೂ ಕೀಲಿನ ಸ್ವಭಾವವೇ ಬದಲಾಗುತ್ತದೆ.

ಸಾಗರದ ಕಡೆಯ ನಮ್ಮ ಭಾವನಿಗೆ ಇದನ್ನೆಲ್ಲ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದೆ. ಅವನು ಕೇಳುತ್ತಾ ಅಡಕೆ ಹೋಳು ಮಾಡುತ್ತಿದ್ದ.

“ಇದಕ್ಕೆ ಎಂತ ಬುಶ್ಶೂ ಇಲ್ಲ ಮಾರಾಯ” ಎಂದು ಅಡಕತ್ತರಿಯನ್ನು ನನ್ನ ಮುಖದ ಮುಂದೆ ಹಿಡಿದ. “ಅಜ್ಜನ ಕಾಲದ್ದು. ಸಡಿಲ ಆದ್ರೆ ಕಲ್ಲಿನ ಮೇಲಿಟ್ಟು ಎರಡು ಪೆಟ್ಟು ಕೊಟ್ರೆ ಮುಗೀತು.”

ಅವನ ಮಾತಿಗೆ ಎದುರಾಡುವಂತಿಲ್ಲ. ಅಡಕತ್ತರಿಗೆ ಬುಶ್ ಬೇಡ. ಅದರ ಎರಡು ತೋಳೂ ಕೈಯಲ್ಲೇ ಇರುತ್ತವೆ, ಅಲಗು ಎತ್ತ ವಾಲಬೇಕೆಂದು ಕೈಯೇ ಹೇಳುತ್ತದೆ. ರಿವೆಟ್ ತುಸು ಸಡಿಲವಿದ್ದರೂ ಅಡಕೆ ಹೋಳಾಗುತ್ತದೆ. ಫ್ರಾನ್ಸಿನ ಒಪಿನೆಲ್ ಚಾಕುವೂ ಹೀಗೇ. 1890ರಿಂದ ಬಂದಿರುವ ಆ ಸರಳ ಚಾಕುವಿನಲ್ಲಿ ಅಲಗು ಕೂರುವುದು ಮರದ ಹಿಡಿಯ ಸೀಳಿನೊಳಗೆ, ನಡುವೆ ಒಂದು ರಿವೆಟ್. ಮಳೆಗಾಲದಲ್ಲಿ ಮರ ನೀರು ಕುಡಿದು ಉಬ್ಬಿದರೆ ಅಲಗು ಹೊರಗೆ ಬರಲು ಹಟ ಮಾಡುತ್ತದೆ, ಒಣಗಿದ ಮೇಲೆ ತಾನಾಗಿ ಸರಿಹೋಗುತ್ತದೆ. ಆ ಬೆಲೆಗೆ ಅದು ಸೊಗಸಾದ ಚಾಕು. ಆದರೆ ಎರಡು ಲೋಹದ ಗೋಡೆಗಳ ನಡುವೆ ಎಲ್ಲೂ ತಾಗದಂತೆ ಅಲಗು ಬೀಳಬೇಕು, ತೆರೆದು ನಿಂತಾಗ ಕದಲಬಾರದು ಎಂಬ ಆಸೆ ಹುಟ್ಟಿದ ಮೇಲೆ ಕಲ್ಲಿನ ಮೇಲಿನ ಎರಡು ಪೆಟ್ಟು ಸಾಲುವುದಿಲ್ಲ.

ಹಾಗಾದರೆ ಈ ಕಂಬದ ಮೇಲೆ ಭಾರ ಎಷ್ಟು?

ಮೊದಲು ಬೇರಿಂಗ್ ಆಗಿ ಅದು ಹೊರುವ ಭಾರ ನೋಡೋಣ. ಉಗುರು ಹಾಕಿ ಎಳೆಯುವ ಗೆರೆ ಕೀಲಿನಿಂದ 40 ಮಿ.ಮೀ. ದೂರದಲ್ಲಿದ್ದು, ತೆರೆಯಲು 2 ಕೆ.ಜಿ. ಎಳೆತ ಬೇಕೆಂದರೆ, ಕೀಲಿನ ಹತ್ತಿರ ನಾಲ್ಕೈದು ಮಿ.ಮೀ. ದೂರದಲ್ಲಿ ಒತ್ತುವ ಸ್ಪ್ರಿಂಗ್‌ನ ಬಲ 15 ರಿಂದ 20 ಕೆ.ಜಿ. ಅದು ಬುಶ್ಶಿನ ಮೈಮೇಲೆ ಹಂಚಿಹೋದರೆ ಚದರ ಮಿ.ಮೀ.ಗೆ ಒಂದು ಕೆ.ಜಿ.ಗಿಂತ ತುಸು ಹೆಚ್ಚು. ಯಾವ ಕಂಚಿಗೂ ಇದು ಲೆಕ್ಕಕ್ಕಿಲ್ಲ. ಇನ್ನು ಕಂಬವಾಗಿ ಹೊರುವ ಭಾರ. 3 ಮಿ.ಮೀ. ಸ್ಕ್ರೂ ಒಂದನ್ನು ಸಣ್ಣ ಅಲೆನ್ ಕೀಯಿಂದ ಗಟ್ಟಿಯಾಗಿ ತಿರುಗಿಸಿದರೆ ಅದು ಎಳೆಯುವ ಬಲ ಸಲೀಸಾಗಿ 100 ಕೆ.ಜಿ. ದಾಟುತ್ತದೆ. ಹೊರಗೆ 5, ಒಳಗೆ 3 ಮಿ.ಮೀ. ವ್ಯಾಸದ ಬಳೆಯ ಮುಖದ ವಿಸ್ತೀರ್ಣ ಹನ್ನೆರಡೂವರೆ ಚದರ ಮಿ.ಮೀ. ಅಂದರೆ ಚದರ ಮಿ.ಮೀ.ಗೆ 8 ಕೆ.ಜಿ. ಉಜ್ಜುವ ಮೈಗಿಂತ ನಿಲ್ಲುವ ಮುಖದ ಮೇಲೆ ಏಳೆಂಟು ಪಟ್ಟು ಒತ್ತಡ. ರಿವೆಟ್ ಆದರೆ ಸುತ್ತಿಗೆಯ ಪೆಟ್ಟು ಬೇರೆ.

ಇಷ್ಟು ಒತ್ತಡಕ್ಕೆ 3 ಮಿ.ಮೀ. ಉದ್ದದ ಉಕ್ಕಿನ ಬುಶ್ ಸುಮಾರು ಒಂದು ಮೈಕ್ರಾನ್ ಕುಗ್ಗುತ್ತದೆ. ಕಂಚು, ಹಿತ್ತಾಳೆ, ಟೈಟಾನಿಯಂ ಎರಡು ಮೈಕ್ರಾನಿನ ಆಸುಪಾಸು. ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ ಎಪ್ಪತ್ತೈದು! ಬಿಟ್ಟ ಸಂದಿಗಿಂತ ಮೂರು ಪಟ್ಟು. ಅದೂ ಅಲ್ಲಿಗೇ ನಿಲ್ಲದೆ ದಿನಗಳೆದಂತೆ ಇನ್ನಷ್ಟು ಕುಗ್ಗುತ್ತಾ ಹೋಗುತ್ತದೆ. ಟೆಫ್ಲಾನ್ ಒತ್ತಿದ ಕಡೆಗೆಲ್ಲ ಹರಿದುಬಿಡುವ ಜಾತಿ. ನೈಲಾನ್ ಗಾಳಿಯ ತೇವ ಹೀರಿ ಉಬ್ಬುತ್ತದೆ. ಪ್ಲಾಸ್ಟಿಕ್ಕುಗಳ ಕತೆ ಇಲ್ಲಿಗೆ ಮುಗಿಯಿತು. ಅವಕ್ಕೆ ಇರುವ ಒಳ್ಳೆಯ ಜಾಗ ವಾಷರ್. ಭಾರವನ್ನು ಲೋಹದ ಬುಶ್ ಹೊತ್ತಿದ್ದರೆ ಪಕ್ಕದ ವಾಷರ್ ಟೆಫ್ಲಾನಿನದಾದರೂ ಯಾರ ತಕರಾರೂ ಇಲ್ಲ.

ಬಿಸಿಲು ಚಳಿಗೆ ಕಂಚು ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದಲ್ಲ ಎಂದು ಕೇಳುವವರಿದ್ದಾರೆ. 20 ಡಿಗ್ರಿ ಏರಿದರೆ 3 ಮಿ.ಮೀ. ಬುಶ್ಶಿನಲ್ಲಿ ಕಂಚಿಗೂ ಉಕ್ಕಿಗೂ ಬರುವ ವ್ಯತ್ಯಾಸ ಅರ್ಧ ಮೈಕ್ರಾನೂ ಅಲ್ಲ. ಮರೆತುಬಿಡಿ.

ಉಳಿದದ್ದು ಲೋಹಗಳು. ಇಲ್ಲಿ ನಾನು ಒಂದು ಪಕ್ಷ ಹಿಡಿದಿದ್ದೇನೆ, ಮುಚ್ಚಿಡುವುದಿಲ್ಲ. ರಿವೆಟ್ ಹಾಕುವ ಚಾಕುವಿಗೆ ಹದ ಮಾಡಿದ ಉಕ್ಕಿನ ಬುಶ್, ಸ್ಕ್ರೂ ಹಾಕುವ ಚಾಕುವಿಗೆ ಫಾಸ್ಫರ್ ಬ್ರಾಂಜ್ ಎಂಬ ಕಂಚು.

ರಿವೆಟ್‌ಗೆ ಉಕ್ಕು ಯಾಕೆ? ಪಿನ್ನಿನ ತುದಿಗೆ ಬಡಿದಾಗ ತುದಿಯಷ್ಟೇ ಅಗಲವಾಗುತ್ತದೆಂದು ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ, ಪಿನ್ ಪೂರ್ತಿ ಉದ್ದಕ್ಕೂ ಚೂರುಚೂರು ಉಬ್ಬುತ್ತದೆ. ಲೈನರ್‌ನೊಳಗೆ ಉಬ್ಬಿದರೆ ಒಳ್ಳೆಯದೇ. ಬುಶ್ಶಿನೊಳಗೆ ಉಬ್ಬಿದಾಗ ಮಾತ್ರ ಅದು ಬುಶ್ಶನ್ನು ಒಳಗಿಂದ ಹಿಗ್ಗಿಸುತ್ತದೆ. ಗೋಡೆ ಒಂದೇ ಮಿ.ಮೀ. ದಪ್ಪದ ಮೆತ್ತನೆಯ ಕಂಚಿನ ಬಳೆ ಹತ್ತು ಮೈಕ್ರಾನ್ ಹಿಗ್ಗಿದರೆ ಸಾಕು, ಅಲಗಿನ ತೂತಿನಲ್ಲಿದ್ದ ಸಡಿಲವೆಲ್ಲ ಮಾಯ. ಆಗ ಬರುವ ಬಿಗಿ ಎಣ್ಣೆಗೂ ಬಗ್ಗದು, ಆಡಿಸಿ ಆಡಿಸಿ ಸಡಿಲಾಗುವಂಥದ್ದೂ ಅಲ್ಲ. ಪಿನ್ ಕೊರೆದು ತೆಗೆಯುವುದೊಂದೇ ದಾರಿ. ಗಟ್ಟಿ ಉಕ್ಕಿನ ಬುಶ್ ಪಿನ್ನಿಗೆ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಹಾಗೆಂದು ದೊಡ್ಡ ಸುತ್ತಿಗೆ ಎತ್ತಬೇಡಿ. ಪಿನ್ ಮೆತ್ತನೆಯದಿರಲಿ, ತುದಿ ಲೈನರ್‌ನಿಂದ ಹೊರಗೆ ಕಾಣುವುದು ಕಡಿಮೆ ಇರಲಿ, ಸಣ್ಣ ಸುತ್ತಿಗೆಯಲ್ಲಿ ಹಗುರ ಪೆಟ್ಟುಗಳು ಹೆಚ್ಚಿರಲಿ. ಭಾರೀ ಪೆಟ್ಟು ಪಿನ್ನಿನ ಹೊಟ್ಟೆಯನ್ನು ಉಬ್ಬಿಸುತ್ತದೆ, ಹಗುರ ಪೆಟ್ಟು ತಲೆಯನ್ನು.

ಉಕ್ಕಿನ ಮೇಲೆ ಉಕ್ಕು ಉಜ್ಜಿದರೆ ಕಚ್ಚಿಕೊಳ್ಳುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಎರಡೂ ರಾಕ್‌ವೆಲ್ ಎಂಬ ಗಡಸುತನದ ಅಳತೆಯಲ್ಲಿ ಅರವತ್ತರ ಹತ್ತಿರ ಗಟ್ಟಿಯಿದ್ದು, ಎರಡೂ ಕನ್ನಡಿಯಂತೆ ನಯವಿದ್ದು, ನಡುವೆ ಒಂದು ತೊಟ್ಟು ಎಣ್ಣೆಯಿದ್ದರೆ ಕಚ್ಚುವುದಿಲ್ಲ.  ಕಚ್ಚುವುದು ಮೆತ್ತನೆಯ ಸ್ಟೇನ್‌ಲೆಸ್. ಯಾವ ಹಾರ್ಡ್‌ವೇರ್ ಅಂಗಡಿಗೆ ಹೋದರೂ ಸಿಗುವ 304 ನಂಬರಿನ ಸ್ಟೇನ್‌ಲೆಸ್ ರಾಡಿನಿಂದ ಬುಶ್ ಮಾಡಿ ಸ್ಟೇನ್‌ಲೆಸ್ ಅಲಗಿನೊಳಗೆ ಕೂರಿಸಿದರೆ ಒಂದರ ಮೈ ಇನ್ನೊಂದಕ್ಕೆ ಅಂಟಿ, ಕಿತ್ತು, ಗೀರು ಬಿದ್ದು ಹಾಳಾಗುತ್ತದೆ. ಹದ ಮಾಡದ ಟೈಟಾನಿಯಂ ಇನ್ನೂ ಅಧ್ವಾನ. ಬಣ್ಣ ಬರಿಸಿದ ಅದರ ಮೇಲ್ಪದರ ಒಂದು ಮೈಕ್ರಾನೂ ದಪ್ಪವಿರುವುದಿಲ್ಲ, ಉಜ್ಜಿದರೆ ಹೋಯಿತು. ಹಗುರ ಎಂಬ ಆಸೆಗೆ ಅದನ್ನು ಹಾಕುವವರಿಗಾಗಿ ಲೆಕ್ಕ ಹೇಳುತ್ತೇನೆ: ಇಷ್ಟು ಸಣ್ಣ ಬುಶ್ಶಿನಲ್ಲಿ ಕಂಚಿನ ಬದಲು ಟೈಟಾನಿಯಂ ಹಾಕಿದರೆ ಉಳಿಯುವ ತೂಕ ಕಾಲು ಗ್ರಾಮಿಗಿಂತ ಕಡಿಮೆ.

ಗಟ್ಟಿ ಉಕ್ಕಿನ ಬುಶ್ ಎಲ್ಲಿಂದ ತರುವುದು? ಸಿಲ್ವರ್ ಸ್ಟೀಲ್ ಎಂಬ ಹತಾರದ ಉಕ್ಕಿನ ರಾಡ್ ತಂದು ಕೊರೆದು, ರೀಮರ್ ಹಾಕಿ ತೂತನ್ನು ಅಳತೆಗೆ ನಯಗೊಳಿಸಿ, ಕೆಂಪಗೆ ಕಾಯಿಸಿ ಅದ್ದಿ, ಹದಕ್ಕೆ ತರಬಹುದು. ಲೇತ್ ಇದ್ದವರಿಗೆ ಅದೇ ಸರಿ. ಟೂಲ್‌ರೂಮಿನಲ್ಲಿ ಕೆಲಸ ಮಾಡಿದವರ ಕಣ್ಣಿಗೆ ಇನ್ನೊಂದು ದಾರಿ ಬೀಳುತ್ತದೆ, ಅದು ಡ್ರಿಲ್ ಬುಶ್. ಜಿಗ್‌ಗಳಲ್ಲಿ ಡ್ರಿಲ್ ಬಿಟ್ ಆಚೀಚೆ ಹೋಗದಂತೆ ಕೂರಿಸುವ ಬಳೆ ಅದು. ಪೀಣ್ಯದಂಥ ಕಡೆ ಸಣ್ಣ ಅಂಗಡಿಗಳಲ್ಲೂ ಕೇಳಿದರೆ ಸಿಗುವ ಸಾಮಾನು. ಉಕ್ಕು ಆಗಲೇ ಹದವಾಗಿರುತ್ತದೆ, ಒಳಗೂ ಹೊರಗೂ ಗ್ರೈಂಡ್ ಆಗಿರುತ್ತದೆ, ಎರಡು ವೃತ್ತವೂ ಒಂದೇ ನಡುವಿನಲ್ಲಿರುತ್ತವೆ. ಜರ್ಮನ್ ಮಾನಕವಾದ ಡಿನ್ 179ರ ಅಳತೆಯಲ್ಲಿ 3 ಮಿ.ಮೀ. ತೂತಿನ ಬುಶ್ಶಿಗೆ ಹೊರವ್ಯಾಸ 6. ಹೊರಮೈಯನ್ನು ಒತ್ತಿ ಕೂರಿಸಲೆಂದೇ ಕೆಲವು ಮೈಕ್ರಾನ್ ದಪ್ಪ ಇಟ್ಟಿರುತ್ತಾರೆ, ಅಷ್ಟನ್ನು ಲ್ಯಾಪಿಂಗ್ ಪೇಸ್ಟ್ ಹಾಕಿ ತೀಡಿ ಇಳಿಸಬೇಕು. ಉದ್ದವನ್ನು ಗ್ರೈಂಡ್ ಮಾಡಿಸಿ ಬೇಕಾದ ಅಳತೆಗೆ ತರಬೇಕು. ಒಂದು ತುದಿ ದುಂಡಗಿರುತ್ತದೆ, ತೆಗೆದುಹಾಕುವಾಗ ಆ ತುದಿಯನ್ನೇ ತೆಗೆಯಿರಿ. ಕಂಬಕ್ಕೆ ಪೂರ್ತಿ ಮುಖ ಬೇಕು.

ಸ್ಕ್ರೂ ಚಾಕುವಿನ ಮಾತು ಬೇರೆ. ಅಲ್ಲಿ ಪಿನ್ ಉಬ್ಬುವುದಿಲ್ಲ, ಕಂಚಿಗೆ ಹೆದರಬೇಕಾದ್ದಿಲ್ಲ. ದಕ್ಷಿಣ ಆಫ್ರಿಕಾದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಕ್ರಿಸ್ ರೀವ್ ಅವರ ಸೆಬೆಂಜಾ ಚಾಕು ಹೆಸರು ಮಾಡಿದ್ದು ಇಂಥ ಬುಶ್ ಕೀಲಿಗೂ ಹೌದು. ಕೀಲಿನ ಸ್ಕ್ರೂವನ್ನು ಕೊನೆಯವರೆಗೆ ಬಿಗಿ ಮಾಡಿದರೂ ಅಲಗು ಸರಾಗ. ಬಿಚ್ಚಿ, ತೊಳೆದು, ಮತ್ತೆ ಕೂಡಿಸಿದರೂ ಅದೇ ಹದ. ಅಲ್ಲಿ ಬುಶ್ಶಿನ ಉದ್ದ ಅಲಗಿನ ದಪ್ಪಕ್ಕಷ್ಟೇ ಅಲ್ಲ, ಎರಡು ಬದಿಯ ವಾಷರ್‌ಗಳಿಗೂ ಸೇರಿ ಹೊಂದಬೇಕು. ಮೂರು ದಪ್ಪ, ಒಂದು ಉದ್ದ. ಕಾರ್ಖಾನೆಯಲ್ಲಿ ನಾಲ್ಕನ್ನೂ ಮೈಕ್ರಾನ್ ಲೆಕ್ಕದಲ್ಲಿ ಹಿಡಿದಿಡುತ್ತಾರೆ. ಮನೆಯಲ್ಲಿ ಮಾಡುವ ನಮಗೆ ಅದು ಆಗದ ಮಾತು. ಅದಕ್ಕೇ ಕಂಚು. ಬುಶ್ಶನ್ನು ತುಸು ಉದ್ದವಾಗಿ ಮಾಡಿಕೊಂಡು, ಗಾಜಿನ ಮೇಲೆ ಅಂಟಿಸಿದ 1000 ನಂಬರಿನ ಎಮರಿ ಪೇಪರಿನಲ್ಲಿ ತೀಡಿ, ಜೋಡಿಸಿ ನೋಡಿ, ಬಿಚ್ಚಿ, ಮತ್ತೆ ತೀಡಿ ಉದ್ದ ಹಿಡಿಯಬಹುದು. ಬೆರಳಲ್ಲಿ ಹಿಡಿದು ತೀಡಿದರೆ ಮುಖ ಓರೆಯಾಗುತ್ತದೆ. ದಪ್ಪ ಉಕ್ಕಿನ ತುಂಡಿನಲ್ಲಿ ನೆಟ್ಟಗೆ ಒಂದು ತೂತು ಹಾಕಿಕೊಂಡು, ಬುಶ್ಶನ್ನು ಅದರೊಳಗಿಟ್ಟು ತೀಡಬೇಕು.

ಕಂಚು ಎಂದೊಡನೆ ಅಂಗಡಿಯಲ್ಲಿ ಏನು ಕೈಗೆ ಬರುತ್ತದೆ ಎನ್ನುವುದೇ ದೊಡ್ಡ ಪ್ರಶ್ನೆ. ಎಸ್‌.ಪಿ. ರೋಡಿನ ಕಡೆ ಕೆಂಪು ಛಾಯೆಯ ಎರಕದ ರಾಡೆಲ್ಲ ಮಾತಿನಲ್ಲಿ ಗನ್‌ಮೆಟಲ್ ಆಗಿಬಿಡುತ್ತದೆ. ನಿಜವಾದ ಗನ್‌ಮೆಟಲ್ ತಾಮ್ರಕ್ಕೆ ತವರ, ಜೊತೆಗೆ ತುಸು ಸತು ಬೆರೆತದ್ದು. ಪಂಪಿನ ಬುಶ್ಶಿಗೆ ಚೆನ್ನ, ನಮ್ಮ ಒಂದು ಮಿ.ಮೀ. ಗೋಡೆಯ ಬಳೆಯಲ್ಲಿ ಎರಕದ ಸಣ್ಣ ಗುಳ್ಳೆಯೊಂದು ಎದ್ದರೆ ಕಷ್ಟ. ಫಾಸ್ಫರ್ ಬ್ರಾಂಜ್ ಎಂದು ಕೇಳಿ, ಎಳೆದು ಮಾಡಿದ ರಾಡನ್ನೇ ತನ್ನಿ. ತಾಮ್ರಕ್ಕೆ ನೂರಕ್ಕೆ ಐದರಷ್ಟು ತವರ, ಚಿಟಿಕೆ ರಂಜಕ. ಲೇತಿಗೆ ಹಾಕಿದಾಗ ಗೊತ್ತಾಗುತ್ತದೆ. ಸೀಸ ಬೆರೆತ ಹಿತ್ತಾಳೆ ರವೆಯಂತೆ ಪುಡಿಪುಡಿಯಾಗಿ ಸಿಡಿಯುತ್ತದೆ, ಸೀಸವಿಲ್ಲದ ಫಾಸ್ಫರ್ ಬ್ರಾಂಜ್ ಉದ್ದುದ್ದ ಸುರುಳಿ ಬಿಡುತ್ತದೆ. ಸೀಸ ಬೆರೆಸಿದ ಬ್ರಾಂಜ್‌ಗಳೂ ಇವೆ, ಕೊರೆಯಲು ಸುಖ. ಹಣ್ಣು ಕತ್ತರಿಸುವ ಚಾಕುವಿಗೆ ನಾನು ಹಾಕುವುದಿಲ್ಲ. ಬೆರಿಲಿಯಂ ತಾಮ್ರವನ್ನು ಹೊಗಳುವವರಿದ್ದಾರೆ, ಗಟ್ಟಿ ಹೌದು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಮನೆಯ ಗ್ಯಾರೇಜಿನಲ್ಲಿ ಅದಕ್ಕೆ ಜಾಗವಿಲ್ಲ.

ಎಣ್ಣೆ ಕುಡಿದ ಬುಶ್ ಇನ್ನೊಂದು ಆಕರ್ಷಣೆ. ಕಂಚಿನ ಪುಡಿಯನ್ನು ಅಚ್ಚಿನಲ್ಲೊತ್ತಿ ಕಾಯಿಸಿ ಮಾಡುವ ಇದರೊಳಗೆ ಐದನೇ ಒಂದು ಭಾಗದಷ್ಟು ಬರೀ ರಂಧ್ರ, ಅದರ ತುಂಬ ಎಣ್ಣೆ. ಟೇಬಲ್ ಫ್ಯಾನಿನಲ್ಲಿರುವುದು ಇಂಥದ್ದೇ. ಶಾಫ್ಟ್ ಬಿಸಿಯೇರಿದಾಗ ಎಣ್ಣೆ ಹೊರಬಂದು, ನಿಂತಾಗ ಮತ್ತೆ ಒಳಗೆ ಸೇರುತ್ತದೆ. ಬಹಳ ಜಾಣ ಉಪಾಯ. ಆದರೆ ನಮ್ಮ ಕೀಲು ಬಿಸಿಯೇರುವಷ್ಟು ತಿರುಗುವುದೇ ಇಲ್ಲ. ಮೇಲಾಗಿ ಉದ್ದ ಹಿಡಿಯಲು ಅದರ ಮುಖ ತೀಡಿದರೆ ಆ ಮುಖದ ರಂಧ್ರಗಳ ಬಾಯಿ ಮುಚ್ಚುತ್ತದೆ. ಪೆಟ್ಟಿಗೆ ಇಡೀ ಲೋಹದಷ್ಟು ತಾಳುವುದೂ ಇಲ್ಲ. ಚಾಕುವಿನಲ್ಲಿ ಅದಕ್ಕೆ ಕೆಲಸವಿಲ್ಲ.

ತುಕ್ಕಿನ ಮಾತು ಬಂದರೆ ಕಂಚು ನಿರ್ದೋಷಿ ಎಂದು ತೀರ್ಪು ಕೊಡುವುದು ವಾಡಿಕೆ. ಬುಶ್ ತಾನು ತುಕ್ಕು ಹಿಡಿಯದು, ಹೆಚ್ಚೆಂದರೆ ಕಿಲುಬು ಕಟ್ಟೀತು. ಆದರೆ ಕಾರ್ಬನ್ ಸ್ಟೀಲ್ ಅಲಗಿನೊಳಗೆ ಕಂಚು ಕೂರಿಸಿ, ನಡುವೆ ನಿಂಬೆರಸವೋ ಬೆವರೋ ಇಳಿದರೆ, ಎರಡು ಲೋಹಗಳ ನಡುವೆ ಸಣ್ಣ ಬ್ಯಾಟರಿಯೇ ಹುಟ್ಟುತ್ತದೆ. ಕರಗುವುದು ಉಕ್ಕು. ತೂತಿನ ಒಳಮೈಯಲ್ಲಿ ಕೆಂಪು ತುಕ್ಕು ಏಳುತ್ತದೆ, ತುಕ್ಕು ಹುಟ್ಟಿದ ಜಾಗದಲ್ಲಿ ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ, ಕೀಲು ಬಿಗಿಯುತ್ತದೆ. ಹಾಗಾಗಿ ಕಾರ್ಬನ್ ಸ್ಟೀಲ್ ಅಲಗಿಗೆ ಉಕ್ಕಿನ ಬುಶ್, ಸ್ಟೇನ್‌ಲೆಸ್ ಅಲಗಿಗೆ ಕಂಚು ಎನ್ನುವುದು ಲೇಸು. ಕಂಚಿನ ಬಳಗದಲ್ಲೇ ಗಟ್ಟಿಗ ಬೇಕೆಂದರೆ ಅಲ್ಯೂಮಿನಿಯಂ ಬ್ರಾಂಜ್. ಹಡಗಿನ ಪ್ರೊಪೆಲ್ಲರ್‌ಗೆ ಬಳಸುವ ಬಳಗದ್ದು, ಉಪ್ಪುನೀರಿಗೂ ಜಗ್ಗದು, ಸಾದಾ ಕಂಚಿಗಿಂತ ಎಷ್ಟೋ ಬಲ. ಕೊರೆಯುವಾಗ ಮಾತ್ರ ರೀಮರನ್ನು ಬಿಗಿಹಿಡಿದು ಕಾಡುತ್ತದೆ. ಹರಿತವಾದ ಹೊಸ ರೀಮರ್ ಇಲ್ಲದೆ ಅದರ ತಂಟೆಗೆ ಹೋಗಬೇಡಿ.

ಯಾವ ಬುಶ್ ಹಾಕಿದರೂ ಒಂದು ತೊಟ್ಟು ಎಣ್ಣೆ ಬೇಕು. ನಮ್ಮಲ್ಲಿ ಕೈಗೆ ಮೊದಲು ಸಿಗುವುದು ಕೊಬ್ಬರಿ ಎಣ್ಣೆ. ಅದು 24 ಡಿಗ್ರಿಗೆಲ್ಲ ಗಟ್ಟಿಯಾಗುತ್ತದೆ, ಡಿಸೆಂಬರಿನ ಬೆಳಗ್ಗೆ 15 ಮೈಕ್ರಾನ್ ಸಂದಿನಲ್ಲಿ ಅದು ಕುಳಿತರೆ ಅಲಗು ಸೋಮಾರಿಯಾಗುತ್ತದೆ. ಸೂರ್ಯಕಾಂತಿ ಎಣ್ಣೆ ಒಣಗಿ ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಎಲ್ಲಕ್ಕಿಂತ ಸರಿ. ಭಾವನಿಗೆ ಮಾಡಿಕೊಟ್ಟ ಚಾಕುವಿಗೆ ಅದನ್ನೇ ಹಾಕಿದ್ದೆ, ಅಡಕೆಗೆ ವಾಸನೆ ಹತ್ತುತ್ತದೆ ಎಂದು ಒಪ್ಪಲಿಲ್ಲ. ಮೆಡಿಕಲ್ ಶಾಪಿನಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ತಂದುಕೊಟ್ಟೆ, ವಾಸನೆಯೂ ಇಲ್ಲ, ಬಾಯಿಗೆ ಹೋದರೂ ತೊಂದರೆಯಿಲ್ಲ. ಆ ಬಾಟಲಿಯಿಂದ ಈಗ ಅಡಕತ್ತರಿಗೂ ಹಾಕುತ್ತಾನೆ.